ಹಸ್ತ ಮಳೆಗೆ ನೆಂದ ರಿವಾಲ್ವರ್: ಗಂಗಾವತಿ ಕಡೆಯ ಒಂದು ಪ್ರಕರಣ

2024ರ ದಸರೆ ಮುಗಿದು, ಬನ್ನಿ ಕೊಟ್ಟು ಎರಡು ದಿನ ಆಗಿತ್ತು. ಗಂಗಾವತಿ ಕಡೆಯ ಒಬ್ಬ ರೈಸ್‌ಮಿಲ್ ಸಾವ್ಕಾರರು ಬಳ್ಳಾರಿಯಲ್ಲಿ ನಾನು ಕೆಲಸ ಮಾಡುವ ಅಂಗಡಿಗೆ ಬಂದರು. ಪರವಾನಗಿ ಪಡೆದ ಬಂದೂಕು ಮಾರಾಟ ಮತ್ತು ರಿಪೇರಿ ಅಂಗಡಿ ಅದು. ನಾನು ಸೈನ್ಯದಲ್ಲಿ ಆರ್ಮರರ್ ಆಗಿದ್ದು, ಹವಾಲ್ದಾರ್ ಆಗಿ ನಿವೃತ್ತನಾದವನು. ಆಯುಧ ಬಿಚ್ಚುವುದು, ಒರೆಸುವುದು, ಜೋಡಿಸುವುದು, ಇದೇ ನನ್ನ ಬದುಕು.

ಸಾವ್ಕಾರರ ಕೈಯಲ್ಲಿ ಒಂದು ಬ್ಯಾಗು. ಬ್ಯಾಗಿನೊಳಗೆ ಟವೆಲು, ಟವೆಲಿನೊಳಗೆ ರಿವಾಲ್ವರ್. ಪಕ್ಕದಲ್ಲಿ ಬೇರೆ ಪಾಲಿಥೀನ್ ಚೀಲದಲ್ಲಿ ರಿವಾಲ್ವರ್ ಸೊಂಟಕ್ಕೆ ಕಟ್ಟುವ ಚೀಲ, ಅಂದರೆ ತೊಗಲಿನ ಹೋಲ್‌ಸ್ಟರ್. ಮುಖ ಸಪ್ಪಗಿತ್ತು.

"ಹವಾಲ್ದಾರ್ರ, ಖಂಡೇ ಪೂಜಿಗಂತ ತಿಜೋರಿ ತೆಗದ್ವಿ. ನೋಡಿದ್ರ ಹಿಂಗಾಗಿತ್ತು. ಒಂದ ಮಳಿಗೆ ಇಷ್ಟು ಜಂಗು ಹಿಡೀತದೇನ್ರೀ?"

ಇಷ್ಟು ತುಕ್ಕು ಒಂದೇ ಮಳೆಗೆ ಹಿಡಿಯುವುದಿಲ್ಲ. ಹಾಗಾದರೆ ಹೇಗೆ ಹಿಡಿಯಿತು ಅನ್ನುವುದನ್ನು ಅವರ ಒಪ್ಪಿಗೆ ಪಡೆದೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಹೆಸರು, ಊರು ಬೇಡ ಅಂದರು, ಹಾಕಿಲ್ಲ. ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಬಿಸಿಲಿನ ಸೀಮೆ. ತುಕ್ಕಿನ ಚಿಂತೆ ಏನಿದ್ದರೂ ಮಲೆನಾಡಿನವರಿಗೆ, ಮಂಗಳೂರಿನವರಿಗೆ ಅಂತ ಇಲ್ಲಿ ಲೈಸೆನ್ಸ್ ಇರುವ ಬಹಳ ಜನ ನಂಬಿಕೊಂಡಿದ್ದಾರೆ. ಆ ನಂಬಿಕೆಯಿಂದಲೇ ಒಳ್ಳೊಳ್ಳೆ ಆಯುಧಗಳು ಹಾಳಾಗುತ್ತಿವೆ. ನನಗೆ ಅದನ್ನು ನೋಡಿದರೆ ನಿಜವಾಗಲೂ ಹೊಟ್ಟೆ ಉರಿಯುತ್ತದೆ.

ನಡೆದದ್ದು

ಆಯುಧ ಕಾನ್ಪುರದಲ್ಲಿ ತಯಾರಾದ .32 ರಿವಾಲ್ವರ್. ಆರು ಗುಂಡಿನದ್ದು. ಮೇಲಿನ ಕೊಂಡಿ ಒತ್ತಿ ಬಗ್ಗಿಸಿದರೆ ನಳಿಗೆ ಮುಂದಕ್ಕೆ ಬಾಗುತ್ತದೆ, ಕಾಡತೂಸುಗಳು ಮೇಲಕ್ಕೆ ಎದ್ದು ಬರುತ್ತವೆ. ಹಳೇ ಬ್ರಿಟಿಷ್ ವೆಬ್ಲಿ ರಿವಾಲ್ವರಿನ ಮಾದರಿ. ನಮ್ಮ ಕಡೆ ಆತ್ಮರಕ್ಷಣೆಗೆ ಅಂತ ಲೈಸೆನ್ಸ್ ಪಡೆದವರ ಹತ್ತಿರ ಜಾಸ್ತಿ ಕಾಣುವುದು ಇದೇ. ಮೈಮೇಲೆ ಕಪ್ಪು-ನೀಲಿ ಬಣ್ಣದ ಬ್ಲೂಯಿಂಗ್ ಇರುತ್ತದೆ. ಅದನ್ನು ನೋಡಿ ಬಣ್ಣ ಬಳಿದಿದ್ದಾರೆ, ಒಳಗಿನ ಉಕ್ಕಿಗೆ ನೀರು ತಾಗುವುದಿಲ್ಲ ಅಂತ ಜನ ತಿಳಿಯುತ್ತಾರೆ. ಅದು ಬಣ್ಣ ಅಲ್ಲ. ಉಕ್ಕಿನ ಮೈಯನ್ನೇ ರಾಸಾಯನಿಕದಿಂದ ಬದಲಿಸಿ ಮಾಡಿದ ತೀರಾ ತೆಳು ಪದರ. ಎಣ್ಣೆ ಹಿಡಿದುಕೊಳ್ಳುವುದೇ ಅದರ ದೊಡ್ಡ ಗುಣ. ಎಣ್ಣೆ ಇಲ್ಲದಿದ್ದರೆ ಬ್ಲೂಯಿಂಗ್ ಇದ್ದೂ ಇಲ್ಲದ ಹಾಗೆ.

ಮಹಾಲಯ ಅಮವಾಸ್ಯೆಯ ದಿನ ಮಿಲ್ಲಿನಲ್ಲಿ ಪೂಜೆ ಆಯಿತು. ಮರುದಿನ ಸಂಜೆ ಲಾರಿಗೆ ಅಕ್ಕಿ ಚೀಲ ಹೇರುತ್ತಿದ್ದರು. ಹಸ್ತ ಮಳೆ ಏಕಾಏಕಿ ಹೊಡೆಯಿತು. ಹಮಾಲರ ಜೊತೆ ಸಾವ್ಕಾರರೂ ಓಡಿದರು, ತಾಡಪತ್ರಿ ಎಳೆದರು, ಹಗ್ಗ ಬಿಗಿದರು. ಅಕ್ಕಿ ಉಳಿಯಿತು. ಅವರು ತಲೆಯಿಂದ ಕಾಲಿನವರೆಗೆ ತೊಯ್ದಿದ್ದರು. ಅದೇ ಬಟ್ಟೆಯಲ್ಲಿ ಸ್ಕೂಟರ್ ಹತ್ತಿ ಮನೆಗೆ ಹೋದರು. ಸ್ಕೂಟರಿನಲ್ಲಿ ಒಂದು ತೊಂದರೆ ಇದೆ. ಬೆನ್ನ ಮೇಲಿಂದ ಇಳಿದ ನೀರೆಲ್ಲ ಸೀಟಿನ ಮೇಲೆ ನಿಲ್ಲುತ್ತದೆ, ಸೊಂಟ ಆ ನೀರಲ್ಲೇ ಕೂತಿರುತ್ತದೆ. ಹೋಲ್‌ಸ್ಟರ್ ಇರುವುದೂ ಅಲ್ಲೇ.

ಮನೆಯಲ್ಲಿ ಮಾಡಿದ್ದನ್ನು ಅವರದೇ ಮಾತಿನಲ್ಲಿ ಹೇಳಿದರು: "ಬೆಲ್ಟ್ ಬಿಚ್ಚಿದೆ, ಟವೆಲ್‌ನಾಗ ಮ್ಯಾಲ ಮ್ಯಾಲ ಒರಸಿದೆ, ಒಂದ್ ತಾಸು ಫ್ಯಾನಿನ ಕೆಳಗ ಇಟ್ಟೆ. ತಿಜೋರಿಯಾಗ ಕಾಗದ-ಪತ್ರ ಅದಾವಲ್ರೀ, ಅವು ಹಸಿ ಆಗಬಾರ್ದಂತ ಪ್ಲಾಸ್ಟಿಕ್ ಚೀಲದಾಗ ಹಾಕಿ ಇಟ್ಟೆ."

ರಿವಾಲ್ವರ್ ಹೋಲ್‌ಸ್ಟರ್ ಒಳಗೇ ಇತ್ತು. ಗುಂಡು ರಿವಾಲ್ವರ್ ಒಳಗೇ ಇದ್ದವು. ಹೀಗೆ ಎಂಟು ದಿನ.

ಖಂಡೇನವಮಿ ಬೆಳಿಗ್ಗೆ ತೆಗೆದಾಗ ಕಂಡ ತುಕ್ಕಿಗೆ ಮನೆಯ ಹುಡುಗನೊಬ್ಬ ಪಾತ್ರೆ ತಿಕ್ಕುವ ಸ್ಟೀಲ್ ನಾರು ತಂದು ನಳಿಗೆ ಉಜ್ಜಿದ. ತುಕ್ಕಿನ ಜೊತೆ ಬ್ಲೂಯಿಂಗೂ ಹೋಯಿತು. ಎರಡು ಬೆರಳಿನಷ್ಟು ಜಾಗ ಬೆಳ್ಳಗೆ ಹೊಳೆಯುತ್ತಿತ್ತು. ಆಮೇಲೆ ವಿಭೂತಿ, ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು ಪೂಜೆ ಮಾಡಿದರು. ಕಾಯಿನೀರಿನ ಹನಿ ಒಣಗಿದ ಕಲೆ ಹಿಡಿಯ ಮೇಲೆ ನನಗೆ ಕಂಡಿತು.

ಬಿಚ್ಚಿ ನೋಡಿದಾಗ

ಮೊದಲು ಅವರಿಂದಲೇ ಕೊಂಡಿ ಒತ್ತಿಸಿ ತೆರೆಸಿದೆ. "ಖಾಲಿ ಐತ್ರಿ" ಅಂದರು. ಇರಲಿ, ಆದರೂ ತೆರೆದು ತೋರಿಸಿ ಅಂದೆ. ಗುಂಡು ಕೂರುವ ಆರೂ ಕೋಣೆ ಬೆಳಕಿಗೆ ಹಿಡಿದು ನೋಡಿದ ಮೇಲೇ ಮೇಜಿನ ಮೇಲೆ ಇಡಿಸಿದ್ದು. ಯಾರೇ ತರಲಿ, ಎಷ್ಟೇ ಪರಿಚಯದವರಾಗಲಿ, ಇದನ್ನು ನಾನು ಬಿಡುವುದಿಲ್ಲ.

ತುಕ್ಕು ಎಲ್ಲಿದೆ ಅಂತ ನೋಡಿದರೆ ಯಾವುದರಿಂದ ಬಂತು ಅಂತ ಗೊತ್ತಾಗುತ್ತದೆ. ಸುಮ್ನೆ "ತುಕ್ಕು ಹಿಡಿದಿದೆ" ಅಂತ ಎಣ್ಣೆ ಹಾಕಿ ಕೊಟ್ಟರೆ ಮುಂದಿನ ವರ್ಷ ಅದೇ ಆಯುಧ ಮತ್ತೆ ಬರುತ್ತದೆ. ಅದಕ್ಕೇ ನಾನು ಒರೆಸುವ ಮೊದಲು ಹತ್ತು ನಿಮಿಷ ಬರೀ ನೋಡುತ್ತೇನೆ.

ನಳಿಗೆಯ ತುದಿಯಲ್ಲಿ ಕಿತ್ತಳೆ ಬಣ್ಣದ ಪುಡಿ ತುಕ್ಕು. ಬೆರಳಿಗೆ ಅಂಟುವಂಥದ್ದು, ಹೊಸದು. ಮೇಲೆ ಹೋದ ಹಾಗೆ ಕಡಿಮೆ. ಹೋಲ್‌ಸ್ಟರ್ ತಿರುಗಿಸಿ ನೋಡಿದೆ. ಕೆಳಗಿನ ತುದಿ ಪೂರ್ತಿ ಹೊಲಿದು ಮುಚ್ಚಿದ್ದರು. ಒಳಗೆ ಇಳಿದ ನೀರು ಹೋಗಲು ದಾರಿ ಇಲ್ಲ. ನಳಿಗೆ ಬಾವಿಯಲ್ಲಿ ಬಿಟ್ಟ ಕೊಡದ ಹಾಗೆ ಆ ನೀರಲ್ಲಿ ನಿಂತಿತ್ತು.

ಆ ಕೋಣೆಗಳಿರುವ ತಿರುಗುವ ಉರುಳೆ, ಅಂದರೆ ಸಿಲಿಂಡರ್ ಮೇಲೆ ಕಂಡದ್ದು ಇನ್ನೂ ಸ್ಪಷ್ಟ. ಭೂತಗನ್ನಡಿ ಹಿಡಿದು ನೋಡಿದರೆ ತುಕ್ಕು ಸಣ್ಣ ಸಣ್ಣ ಚೌಕಗಳಾಗಿ ಮೂಡಿತ್ತು, ಬಟ್ಟೆಯ ನೇಯ್ಗೆಯ ಅಚ್ಚಿನಂತೆ. ಹೋಲ್‌ಸ್ಟರ್ ಒಳಗೆ ದಪ್ಪ ಬಟ್ಟೆಯ ಅಸ್ತರ ಇತ್ತು. ಆಯುಧಕ್ಕೆ ಗೀರು ಬೀಳಬಾರದು ಅಂತ ಪ್ರೀತಿಯಿಂದ ಹಾಕಿಸಿದ್ದು. ಅದೇ ನೀರು ಕುಡಿದು, ಒದ್ದೆ ಪಟ್ಟಿ ಕಟ್ಟಿದ ಹಾಗೆ ಎಂಟು ದಿನ ಸಿಲಿಂಡರನ್ನು ತಬ್ಬಿಕೊಂಡಿತ್ತು.

ಇಷ್ಟು ಮಳೆಯ ಲೆಕ್ಕ.

ಆದರೆ ಎಡಮಗ್ಗುಲಲ್ಲಿ ಬೇರೆಯೇ ಇತ್ತು. ಹೆಬ್ಬೆರಳಿನ ಕೊಂಡಿಯ ಸುತ್ತ, ಮತ್ತೆ ಹಿಡಿಯ ಎಡ ಪಟ್ಟಿ ಬಿಚ್ಚಿದಾಗ ಅದರ ಕೆಳಗೆ, ಕಪ್ಪು-ಕಂದು ಚುಕ್ಕೆಗಳು. ಗುಂಡುಸೂಜಿಯ ತಲೆಯಷ್ಟು ಗುಳಿಗಳು. ಒರೆಸಿದರೆ ಹೋಗದು, ಉಗುರು ಹಾಕಿದರೆ ತಡೆಯುತ್ತದೆ. ಬಲಮಗ್ಗುಲಲ್ಲಿ ಇಂಥದ್ದು ಒಂದೂ ಇಲ್ಲ. ಇದು ಎಂಟು ದಿನದ ತುಕ್ಕು ಅಲ್ಲವೇ ಅಲ್ಲ. ತಿಂಗಳುಗಟ್ಟಲೆ ತಿಂದದ್ದು.

ಬಲ ಸೊಂಟಕ್ಕೆ ಕಟ್ಟುವವರ ಆಯುಧದಲ್ಲಿ ಎಡಮಗ್ಗುಲು ಮೈಗೆ ತಾಗಿರುತ್ತದೆ. ಮೈಯಲ್ಲಿ ಏನಿದೆ? ಬೆವರು. ಬೆವರಿನಲ್ಲಿ ಏನಿದೆ? ಉಪ್ಪು.

"ಬ್ಯಾಸಿಗ್ಯಾಗ ಎಲ್ಲಿ ಇತ್ರೀ ಇದು?" ಅಂತ ಕೇಳಿದೆ.

ಸಾವ್ಕಾರರು ಸ್ವಲ್ಪ ಹೊತ್ತು ಯೋಚಿಸಿದರು. "ಇಲೆಕ್ಷನ್ ಇತ್ತಲ್ರೀ. ಠಾಣೆಗೆ ಜಮಾ ಮಾಡಿದ್ದೆ."

ಅಲ್ಲಿಗೆ ಗಂಟು ಬಿಚ್ಚಿತು. 2024ರ ಮಾರ್ಚ್ 16ಕ್ಕೆ ಲೋಕಸಭೆ ಚುನಾವಣೆಯ ನೀತಿಸಂಹಿತೆ ಬಂತು. ನಮ್ಮ ಮೂರೂ ಜಿಲ್ಲೆಯಲ್ಲಿ ಮತದಾನ ಮೇ 7ಕ್ಕೆ, ಸಂಹಿತೆ ಮುಗಿದದ್ದು ಜೂನ್ 6ಕ್ಕೆ. ಚುನಾವಣೆ ಬಂದರೆ ಲೈಸೆನ್ಸ್ ಆಯುಧ ಜಮಾ ಮಾಡುವುದು ಎಲ್ಲರಿಗೂ ಗೊತ್ತಿರುವ ಪದ್ಧತಿ. ಸಾವ್ಕಾರರು ಮಾರ್ಚ್ ಬಿಸಿಲಲ್ಲಿ ದಿನವಿಡೀ ಸೊಂಟದಲ್ಲಿದ್ದ ರಿವಾಲ್ವರನ್ನು, ಬೆವರು ಕುಡಿದ ಹೋಲ್‌ಸ್ಟರ್ ಸಮೇತ, ಹಾಗೇ ಒಯ್ದು ಕೊಟ್ಟಿದ್ದರು. ಒರೆಸಿರಲಿಲ್ಲ, ಎಣ್ಣೆ ಹಾಕಿರಲಿಲ್ಲ. ಹೇಗೆ ಕೊಟ್ಟರೋ ಹಾಗೇ ವಾಪಸ್ ಬಂತು. ಇದರಲ್ಲಿ ಜಮಾ ಇಟ್ಟುಕೊಂಡವರ ತಪ್ಪು ಏನೂ ಇಲ್ಲ. ಮುಚ್ಚಿ ಕೊಟ್ಟಿದ್ದನ್ನು ಅವರು ಬಿಚ್ಚಿ ಒರೆಸಲು ಬರುವುದಿಲ್ಲ.

"ಬ್ಯಾಸಿಗ್ಯಾಗ ಹಸಿ ಎಲ್ಲಿ ಬರ್ತದ?" ಅಂತ ಅವರ ಅನುಮಾನ. ಒಳ್ಳೆ ಪ್ರಶ್ನೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೀರು ಬಿಡುತ್ತದಲ್ವಾ, ಅದನ್ನು ನೆನಪು ಮಾಡಿಕೊಳ್ಳಿ ಅಂದೆ. ಗಾಳಿಯ ತೇವವನ್ನು ಉಪ್ಪು ತಾನೇ ಎಳೆದುಕೊಳ್ಳುತ್ತದೆ. ಗಾಳಿಯ ತೇವ ಸುಮಾರು 60% ದಾಟಿದರೆ ಬರೀ ಉಕ್ಕಿಗೂ ತುಕ್ಕು ಬೇಗ ಹತ್ತುತ್ತದೆ. ಮೇಲೆ ಉಪ್ಪು ಕೂತಿದ್ದರೆ ಅಷ್ಟೂ ಬೇಕಾಗಿಲ್ಲ. ಮೇ ತಿಂಗಳಲ್ಲಿ ಅಡ್ಡಮಳೆ ಬಿದ್ದ ಒಂದೊಂದು ರಾತ್ರಿಯೂ ಸಾಕು. ಒಮ್ಮೆ ತುಕ್ಕು ಶುರುವಾದರೆ ಆ ಪುಡಿಯೇ ಅರಳೆಯ ಹಾಗೆ ತೇವ ಹಿಡಿದುಕೊಂಡು ಕೆಳಗಿನ ಉಕ್ಕನ್ನು ತಿನ್ನುತ್ತಾ ಹೋಗುತ್ತದೆ.

ಜೂನ್‌ನಲ್ಲಿ ಆಯುಧ ವಾಪಸ್ ಬಂದಾಗ ಹೋಲ್‌ಸ್ಟರ್ ಬಿಸಿಲಿಗೆ ಒಣಗಿ ಕಟ್ಟಿಗೆಯಂತಾಗಿತ್ತು. ಮೆತ್ತಗಾಗಲಿ ಅಂತ ಕೊಬ್ಬರಿ ಎಣ್ಣೆ ಸುರಿದು ತಿಕ್ಕಿದ್ದರು. ರಿವಾಲ್ವರಿಗೂ ಅದೇ ಎಣ್ಣೆ.

ತೊಗಲನ್ನು ತೂಗಿದೆವು

ಹೋಲ್‌ಸ್ಟರ್ ಮುಟ್ಟಿದರೆ ಒಣಗಿದ ಹಾಗೇ ಇತ್ತು. ಸಾವ್ಕಾರರು ಅದು ಒಣಗಿದೆ ಅಂತಲೇ ವಾದ ಮಾಡಿದರು. ಸರಿ, ತೂಗೋಣ ಅಂದೆ. ಅಂಗಡಿಯ ಸಣ್ಣ ತಕ್ಕಡಿ ಮೇಲೆ ಇಟ್ಟಾಗ 236 ಗ್ರಾಂ ತೋರಿಸಿತು. ಒಳಗೆ ಹಳೇ ಪೇಪರ್ ತುರುಕಿ, ನೆರಳಲ್ಲಿ ಗಾಳಿಗೆ ಇಟ್ಟೆ. ಮರುದಿನ ಪೇಪರ್ ತೆಗೆದರೆ ಕೈಗೆ ತಣ್ಣಗೆ, ಮೆತ್ತಗೆ. ತೂಕ 221. ದಿನಾ ಪೇಪರ್ ಬದಲಿಸಿದೆ. ನಾಲ್ಕನೇ ದಿನಕ್ಕೆ 203ಕ್ಕೆ ಬಂದು ನಿಂತಿತು, ಮುಂದೆ ಇಳಿಯಲಿಲ್ಲ. ಅಂದರೆ ಮಳೆ ಬಿದ್ದು ಹನ್ನೊಂದು ದಿನ ಆದಮೇಲೂ ಆ ಹೋಲ್‌ಸ್ಟರ್ ಹೊಟ್ಟೆಯಲ್ಲಿ 33 ಗ್ರಾಂ ನೀರು ಇತ್ತು. ಆರೇಳು ಚಹಾ ಚಮಚ ನೀರು!

ತೂಕದ ಲೆಕ್ಕವನ್ನು ಫೋನಿನಲ್ಲಿ ಹೇಳಿದಾಗ ಸಾವ್ಕಾರರು ಸುಮ್ಮನಾದರು. ನಾನು ಅವರದೇ ಕಸುಬಿನ ಮಾತು ತೆಗೆದೆ. ಭತ್ತ ತಂದ ರೈತನ ಎದುರು ನೀವು ತೇವಾಂಶದ ಮೀಟರ್ ಹಿಡಿಯುತ್ತೀರಿ. ಸರ್ಕಾರಿ ಖರೀದಿಯಲ್ಲಿ 17% ದಾಟಿದರೆ ಭತ್ತ ತಗೊಳ್ಳುವುದಿಲ್ಲ. ನೀವು ಮಿಲ್ಲಿಗೆ ಹಾಕುವಾಗ 14%ರ ಹತ್ತಿರ ಬರಲಿ ಅಂತ ಕಾಯುತ್ತೀರಿ. ಮೇಲೆ ಒಣಗಿದ ಭತ್ತ ಒಳಗೆ ಹಸಿ ಇರುತ್ತದೆ ಅಂತ ನಿಮಗೆ ನಾನು ಹೇಳಬೇಕಾ?

"ಹೌದ್ರೀ," ಅಂದರು. "ಹಸಿ ಭತ್ತ ಚೀಲದಾಗ ಕಟ್ಟಿದ್ರ ಕಾವು ಏರಿ ಮುಗ್ಗಲಾಗತೈತಿ. ನಾ ಅದನ್ನ ಮಾಡೀನಿ ನೋಡ್ರಿ."

ಇಡೀ ಪ್ರಕರಣ ಆ ಮಾತಿನಲ್ಲಿದೆ. ತೊಗಲು ನೀರು ಕುಡಿಯುತ್ತದೆ, ಬಿಡುವುದು ನಿಧಾನ. ಹದ ಮಾಡುವಾಗ ಬಳಸಿದ ಆಮ್ಲ, ಉಪ್ಪಿನ ಅಂಶ ಅದರಲ್ಲಿ ಸ್ವಲ್ಪ ಉಳಿದಿರುತ್ತದೆ. ಒದ್ದೆಯಾದರೆ ಅದೂ ಉಕ್ಕಿಗೆ ತಾಗುತ್ತದೆ. ಹಾಗಾಗಿ ಹೋಲ್‌ಸ್ಟರ್ ಇರುವುದು ಆಯುಧ ಕಟ್ಟಿಕೊಂಡು ಓಡಾಡಲಿಕ್ಕೆ, ಆಯುಧ ಇಡಲಿಕ್ಕೆ ಅಲ್ಲ. ರಾತ್ರಿ ಮನೆಗೆ ಬಂದಮೇಲೆ ಎರಡೂ ಬೇರೆ ಬೇರೆ ಆಗಬೇಕು. ಒಣ ದಿನವಾದರೂ ಅಷ್ಟೇ.

ಕಾಡತೂಸಿನ ಕಥೆಯೂ ಅದೇ. ಬೆಲ್ಟಿನ ತೊಗಲಿನ ಕುಣಿಕೆಯಲ್ಲಿದ್ದ ಆರು ಗುಂಡಿಗೆ ಹಸಿರು ಕಿಲುಬು ಹತ್ತಿತ್ತು, ತೊಗಲು ತಾಗಿದ ಕಡೆ ಉಂಗುರದ ಹಾಗೆ. ಹಿತ್ತಾಳೆ ಅಂದ ಕೂಡಲೇ ನಮ್ಮ ಮನೆಗಳಲ್ಲಿ ಹುಣಸೆಹಣ್ಣು ನೆನಪಾಗುತ್ತದೆ. ದಯವಿಟ್ಟು ಬೇಡ. ಕಾಡತೂಸು ತಂಬಿಗೆ ಅಲ್ಲ. ಹುಳಿ ಹಿತ್ತಾಳೆಯನ್ನು ತಿನ್ನುತ್ತದೆ, ನೀರು ಹಿಂದಿನ ಟಿಕ್ಕಿಯ (ಏಟು ಬಿದ್ದಾಗ ಕಿಡಿ ಕೊಡುವ ಭಾಗ) ಸಂದಿಗೆ ಇಳಿಯಬಹುದು. ಒಣ ಬಟ್ಟೆಯಲ್ಲಿ ಒರೆಸಿ ನೋಡಬೇಕು. ಕಿಲುಬು ಹೋಗಿ ಹಿತ್ತಾಳೆ ನುಣುಪಾಗಿ ಕಂಡರೆ ಸರಿ. ಗುಳಿ ಬಿದ್ದಿದ್ದರೆ ಅದನ್ನು ಆಯುಧಕ್ಕೆ ತುಂಬಬಾರದು. ಇಲ್ಲಿ ಆರರಲ್ಲಿ ನಾಲ್ಕಕ್ಕೆ ಗುಳಿ ಬಿದ್ದಿತ್ತು. ಅವನ್ನು ಬೇರೆ ಕಟ್ಟಿ, ಲೆಕ್ಕಕ್ಕೆ ಬರೆಸಿ, ಅಂಗಡಿಯ ಮೂಲಕವೇ ವಿಲೇವಾರಿಗೆ ಇಟ್ಟೆವು. ಕಾಲುವೆಗೆ ಎಸೆಯುವುದು, ಹೊಲದಲ್ಲಿ ಹೂಳುವುದು, ಇಂಥದ್ದು ಮಾಡಬೇಡಿ.

ಸರಿ ಮಾಡಿದ್ದು

ರಿಪೇರಿ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಅದು ಮನೆಯಲ್ಲಿ ಮಾಡುವ ಕೆಲಸವೂ ಅಲ್ಲ. ಮೊದಲು ಸಂದಿಗಳಲ್ಲಿ ನಿಂತ ತೇವ ಹೊರಗೆ ಬರಲಿ ಅಂತ ಡಬ್ಲ್ಯುಡಿ-40 ಹೊಡೆದೆ. ಅದು ನೀರನ್ನು ತಳ್ಳುವ ದ್ರಾವಣ, ಹೆಸರಿನ ಅರ್ಥವೂ ಅದೇ. ತಿಂಗಳುಗಟ್ಟಲೆ ಕಾಯುವ ಎಣ್ಣೆ ಅಂತ ಅದನ್ನು ನಂಬಬಾರದು, ಒರೆಸಿ ತೆಗೆದು ಮೇಲೆ ಗನ್ ಆಯಿಲ್ ಹಾಕಬೇಕು. ಕಾಡತೂಸು ಹತ್ತಿರ ಅದನ್ನು ತರಲೇಬಾರದು, ಟಿಕ್ಕಿಯೊಳಗೆ ಇಳಿದರೆ ಗುಂಡು ಸತ್ತಂತೆ. ಹೊಸ ತುಕ್ಕನ್ನು ಎಣ್ಣೆಯಲ್ಲಿ ಅದ್ದಿದ ತೀರಾ ನಯವಾದ ಸ್ಟೀಲ್ ವುಲ್‌ನಿಂದ, ಮಗುವಿನ ಕೆನ್ನೆ ಒರೆಸುವಷ್ಟು ಮೆಲ್ಲಗೆ ತೆಗೆದೆ. ಮರಳು ಕಾಗದ ಮುಟ್ಟಲಿಲ್ಲ. ನಳಿಗೆ ಬಾಗುವ ಕೀಲಿನ ಒಳಗೆ ಕಂದು ಕೆಸರು ಇತ್ತು: ತೌಡಿನ ಧೂಳು, ಕೊಬ್ಬರಿ ಎಣ್ಣೆ, ತುಕ್ಕು ಮೂರೂ ಸೇರಿ ಅಂಟು ಹಲ್ವಾದಂತಾಗಿತ್ತು. ಕಡ್ಡಿಗೆ ಬಟ್ಟೆ ಸುತ್ತಿ ತೆಗೆಯಲು ಒಂದು ಮಧ್ಯಾಹ್ನ ಹಿಡಿಯಿತು. ಹಿಡಿಯ ಸ್ಕ್ರೂ ಬದಲಿಸಿದೆ. ಸ್ಟೀಲ್ ನಾರು ಉಜ್ಜಿದ ಜಾಗಕ್ಕೆ ಮತ್ತೆ ಬ್ಲೂಯಿಂಗ್ ಮಾಡಿದೆವು. ಎಡಮಗ್ಗುಲ ಗುಳಿಗಳು ಗುಳಿಗಳಾಗಿಯೇ ಉಳಿದವು. ತಿಂದುಹೋದ ಉಕ್ಕು ತುಂಬಿ ಬರುವುದಿಲ್ಲ.

ಎಣ್ಣೆಯ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ಕೊಬ್ಬರಿ ಎಣ್ಣೆ ತಂಪಿಗೆ ಹೆಪ್ಪುಗಟ್ಟುತ್ತದೆ, ಹಳೆಯದಾದರೆ ಕಮಟಾಗುತ್ತದೆ. ನಮ್ಮ ಕಡೆ ಕುಸುಬೆ ಎಣ್ಣೆ ಹಾಕುವವರೂ ಇದ್ದಾರೆ, ಅದು ಇನ್ನೂ ಕೆಟ್ಟದ್ದು. ಕುಸುಬೆ ಎಣ್ಣೆ ಗಾಳಿಗೆ ಒಣಗಿ ಪದರ ಕಟ್ಟುವ ಎಣ್ಣೆ, ಬಣ್ಣದ ತಯಾರಿಕೆಯಲ್ಲಿ ಬಳಸುವುದೇ ಅದಕ್ಕೆ. ಕೀಲುಗಳಲ್ಲಿ ವಾರ್ನಿಷ್ ಹಾಕಿದ ಹಾಗೆ ಕೂತುಬಿಡುತ್ತದೆ. ಗನ್ ಆಯಿಲ್ ಸಿಗದಿದ್ದರೆ ಹೊಲಿಗೆ ಯಂತ್ರದ ಎಣ್ಣೆ ಎಷ್ಟೋ ವಾಸಿ. ಯಾವುದೇ ಇರಲಿ, ಎರಡು ಹನಿ ಬಟ್ಟೆಗೆ ಹಾಕಿ ಬಟ್ಟೆಯಿಂದ ಒರೆಸುವುದು. ಎಣ್ಣೆ ಹನಿಯುವ ಆಯುಧ ಧೂಳನ್ನು ಕರೆದು ಕೂಡಿಸುತ್ತದೆ.

ಹೋಲ್‌ಸ್ಟರ್ ಬಗ್ಗೆ ನಾನು ನಿಷ್ಠುರವಾಗಿ ಹೇಳಿದೆ: ಇದನ್ನು ಇನ್ನು ಬಳಸಬೇಡಿ. ತುಕ್ಕಿನ ಕಾರಣಕ್ಕಲ್ಲ. ಎಣ್ಣೆ ಕುಡಿದೂ ಕುಡಿದೂ ಬಾಯಿಯ ಅಂಚು ಮೆತ್ತಗಾಗಿತ್ತು. ರಿವಾಲ್ವರ್ ಒಳಗೆ ತೂರಿಸುವಾಗ ಆ ಅಂಚು ಮಡಚಿಕೊಂಡು ಕುದುರೆಯ (ಟ್ರಿಗರ್) ಬಳೆಯೊಳಗೆ ಹೋಗಬಹುದು. ಒಳಕ್ಕೆ ಒತ್ತಿದಾಗ ಕುದುರೆ ಎಳೆದ ಹಾಗಾಗುತ್ತದೆ. ಗುಂಡು ಹೋಗುವುದು ತೊಡೆಗೆ. ರಿವಾಲ್ವರಿನ ಕುದುರೆ ಗಟ್ಟಿ ಇರುತ್ತದೆ ನಿಜ. ಆದರೂ ಅದರ ಮೇಲೆ ಭರವಸೆ ಇಟ್ಟು ಜೀವ ಪಣಕ್ಕಿಡಬೇಕಾ? ಸೊಂಟಕ್ಕೆ ಬಿಗಿಯಾಗಿ ಕೂರದ ಹೋಲ್‌ಸ್ಟರಿನಿಂದ ಓಡುವಾಗ ಆಯುಧ ಜಾರಿ ಬೀಳುವುದೂ ಇದೆ. ತೊಗಲಿಗೆ ಎಣ್ಣೆ ಅಲ್ಲ, ಹೊರಮೈಗೆ ಮಾತ್ರ ತೆಳ್ಳಗೆ ಮೇಣದ ಪಾಲಿಶ್ ಸಾಕು. ನೆಂದ ತೊಗಲನ್ನು ಬಿಸಿಲಿಗೆ, ಒಲೆಯ ಹತ್ತಿರ ಇಟ್ಟರೆ ಸೆಟೆದು ಸೀಳುತ್ತದೆ. ನೆರಳು, ಗಾಳಿ, ಒಳಗೆ ಪೇಪರ್. ಮೂರು-ನಾಲ್ಕು ದಿನ ಬೇಕೇ ಬೇಕು.

ಹೊಸ ರೂಢಿ

ಮೂರು-ನಾಲ್ಕು ದಿನ ಒಣಗಬೇಕು ಅಂದರೆ ಆ ದಿನಗಳಲ್ಲಿ ಏನು ಕಟ್ಟುವುದು? 2016ರ ಆಯುಧ ನಿಯಮಗಳ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಕೈಬಂದೂಕನ್ನು ಹೋಲ್‌ಸ್ಟರಿನಲ್ಲೋ ಅಂಥದ್ದೇ ಚೀಲದಲ್ಲೋ ಇಟ್ಟುಕೊಂಡೇ ಓಡಾಡಬೇಕು. ಅದಕ್ಕೆ ಎರಡು ಹೋಲ್‌ಸ್ಟರ್ ಇರಲಿ ಅಂದೆ. ಬೇಸಿಗೆಗೆ ಒಂದು ತೊಗಲಿನದ್ದು, ಅಸ್ತರ ಇಲ್ಲದ್ದು, ತಳದಲ್ಲಿ ನೀರು ಇಳಿಯಲು ಕಿಂಡಿ ಇರುವುದು. ಬಳ್ಳಾರಿಯಲ್ಲೇ ಬೂಟು ಹೊಲಿಯುವ ಒಬ್ಬ ಅಣ್ಣ ಅಳತೆಗೆ ಮಾಡಿಕೊಟ್ಟರು. ಅಳತೆಗೆ ನಿಜವಾದ ರಿವಾಲ್ವರ್ ಕೊಡಲಿಲ್ಲ, ಕಟ್ಟಿಗೆಯಲ್ಲಿ ಕೆತ್ತಿದ ಅಚ್ಚು ಕೊಟ್ಟೆವು. ಮಳೆಗಾಲಕ್ಕೆ ಇನ್ನೊಂದು ಕೈಡೆಕ್ಸ್‌ನದ್ದು. ಕಾಯಿಸಿ ಅಚ್ಚು ಹಾಕಿದ ಗಟ್ಟಿ ಪ್ಲಾಸ್ಟಿಕ್ ಹಾಳೆ ಅದು. ನೀರು ಕುಡಿಯುವುದಿಲ್ಲ, ಕೊಡವಿ ಒರೆಸಿದರೆ ಮುಗಿಯಿತು.

ರಾತ್ರಿಯ ಕೆಲಸಕ್ಕೆ ಒಂದು ಜಾಗ ಗೊತ್ತು ಮಾಡಿದರು, ಯಾರೂ ಓಡಾಡದ ಹೊರಗೋಡೆಯ ಕಡೆ ಮುಖ. ಅಲ್ಲಿ ನಿಂತು ಆಯುಧ ಖಾಲಿ ಮಾಡುವುದು, ಆರು ಗುಂಡು ಎಣಿಸಿ ಡಬ್ಬಿಗೆ ಹಾಕುವುದು. ಆಮೇಲೆ ಎಣ್ಣೆ ಬಟ್ಟೆಯಲ್ಲಿ ಎಡಮಗ್ಗುಲನ್ನು ಮೊದಲು ಒರೆಸುವುದು. ಮಳೆಯಲ್ಲಿ ನೆಂದ ದಿನ ಕೊಂಡಿ ಬಗ್ಗಿಸಿ, ಕೀಲು, ನಳಿಗೆಯ ಒಳಗು, ಆರೂ ಕೋಣೆ ಒಣ ಬಟ್ಟೆಯಲ್ಲಿ ಒರೆಸಿ, ಒಂದು ತಾಸು ಗಾಳಿಗೆ ಬಿಟ್ಟು, ಆಮೇಲೆ ಎಣ್ಣೆ. ಎಸಿ ಕಾರಿನಿಂದ ಇಳಿದ ದಿನವೂ ಒರೆಸಬೇಕು. ತಂಪಾದ ಉಕ್ಕಿನ ಮೇಲೆ ಹೊರಗಿನ ಸೆಕೆ ಗಾಳಿ ಬೆವರಿನಂತೆ ಕೂಡುತ್ತದೆ.

ತಿಜೋರಿಯಲ್ಲಿ ಪಾಲಿಥೀನ್ ಬೇಡ. ಬೀಗ ಇರುವ ಸಣ್ಣ ಪೆಟ್ಟಿಗೆ, ಒಳಗೆ ಸಿಲಿಕಾ ಜೆಲ್‌ನ ಪೊಟ್ಟಣ. ಬಣ್ಣ ಬದಲಾಯಿಸುವ ಕಿತ್ತಳೆ ಹರಳಿನದ್ದು ತಂದರೆ ಯಾವಾಗ ತೇವ ತುಂಬಿತು ಅಂತ ಕಣ್ಣಿಗೇ ಕಾಣುತ್ತದೆ, ಕಾಯಿಸಿ ಮತ್ತೆ ಬಳಸಬಹುದು. ಅವರ ಸೊಸೆ ಅಕ್ಕಿಯಲ್ಲಿ ಇಡೋಣವಾ ಅಂತ ಕೇಳಿಸಿದ್ದರು, ಮೊಬೈಲ್ ನೀರಿಗೆ ಬಿದ್ದರೆ ಇಡುತ್ತಾರಲ್ಲ ಹಾಗೆ. ಮಿಲ್ಲಿನವರ ಮನೆಯಲ್ಲಿ ಅಕ್ಕಿಗೇನು ಬರ! ಆದರೆ ಅಕ್ಕಿಯಲ್ಲೇ 13-14% ತೇವ ಇರುತ್ತದೆ, ಮೇಲೆ ತೌಡಿನ ಧೂಳು ಬೇರೆ. ಬೇಡ ಅಂದೆ.

ತಿಂಗಳಿಗೊಮ್ಮೆ ಪೂರ್ತಿ ನೋಡಬೇಕು ಅಂದಾಗ ದಿನಾಂಕ ನೆನಪಿರುವುದಿಲ್ಲ ಅಂದರು. ಅಮವಾಸ್ಯೆ ಗೊತ್ತು ಮಾಡಿಕೊಂಡೆವು. ಅವತ್ತು ಮಿಲ್ ನಿಂತಿರುತ್ತದೆ, ಯಂತ್ರಗಳನ್ನೆಲ್ಲ ಒರೆಸಿ ಪೂಜೆ ಮಾಡುತ್ತಾರೆ. ಅದರ ಜೊತೆ ಇದೂ ಒಂದು ಯಂತ್ರ. ಖಂಡೇ ಪೂಜೆ ಬಗ್ಗೆ ಹೇಳಲು ನನಗೆ ಸ್ವಲ್ಪ ಅಳುಕಿತ್ತು. ನಾನೂ ಪೂಜೆ ಮಾಡುವವನೇ. ಪೂಜೆ ಬಿಡಿ ಅಂತಲ್ಲ, ಕುಂಕುಮ-ವಿಭೂತಿಯನ್ನು ಪೆಟ್ಟಿಗೆಗೆ ಹಚ್ಚಿ, ಕಾಯಿನೀರು ದೂರ ಇರಲಿ ಅಂದೆ. ಮನೆಯ ಹಿರಿಯಮ್ಮ ತಕ್ಷಣ ಒಪ್ಪಿದರಂತೆ. ದೇವರ ಬೆಳ್ಳಿ ಮೂರ್ತಿಯನ್ನು ಅಭಿಷೇಕ ಆದಮೇಲೆ ಒರೆಸಿಯೇ ಒಳಗಿಡುತ್ತೇವಲ್ಲ, ಇದೂ ಹಾಗೇ ಅಂದರಂತೆ.

ಇನ್ನು ಚುನಾವಣೆಗೆ ಜಮಾ ಮಾಡುವ ಹಿಂದಿನ ದಿನ: ಪೂರ್ತಿ ಒರೆಸಿ, ಎಂದಿಗಿಂತ ಸ್ವಲ್ಪ ದಪ್ಪ ಎಣ್ಣೆ ಹಚ್ಚಿ, ಹೋಲ್‌ಸ್ಟರ್ ಮನೆಯಲ್ಲೇ ಬಿಟ್ಟು, ಎಣ್ಣೆ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು ಕೊಡುವುದು. ರಸೀದಿಯಲ್ಲಿ ಆಯುಧದ ನಂಬರ್ ಸರಿ ಇದೆಯಾ ಅಂತ ಅಲ್ಲೇ ನೋಡಿಕೊಳ್ಳುವುದು.

ಒಂದು ವರ್ಷ ಕಳೆದು

2025ರ ದಸರೆ ಮುಗಿದ ಮೇಲೆ ಅವರು ಮತ್ತೆ ಬಂದರು, ಈ ಸಲ ಸುಮ್ನೆ ತೋರಿಸಲು. ಹಿಡಿಯ ಪಟ್ಟಿ ಬಿಚ್ಚಿದೆ. ಹಳೇ ಗುಳಿಗಳು ಹಾಗೇ ಇದ್ದವು, ಆದರೆ ಬೆಳೆದಿರಲಿಲ್ಲ. ಗುಳಿಯ ತಳ ಕಪ್ಪಗೆ, ಎಣ್ಣೆ ಹೊಳಪಿನಲ್ಲಿತ್ತು. ಕಿತ್ತಳೆ ಪುಡಿ ಎಲ್ಲೂ ಇಲ್ಲ. ಕೀಲು ಸಲೀಸಾಗಿ ಬಾಗಿತು. ವರ್ಷದಲ್ಲಿ ಮೂರು ಸಲ ಚೆನ್ನಾಗಿ ನೆಂದಿದ್ದಾರೆ, ಮೂರೂ ಸಲ ರಾತ್ರಿಯೇ ಒರೆಸಿದ್ದಾರೆ.

ಒಂದು ಕಡೆ ಮಾತ್ರ ನನ್ನ ಲೆಕ್ಕ ತಪ್ಪಿತ್ತು. ನಳಿಗೆಯ ಎರಡೂ ಮಗ್ಗುಲಲ್ಲಿ, ತುದಿಯ ಹತ್ತಿರ, ಬ್ಲೂಯಿಂಗ್ ಸವೆದು ಉದ್ದಕ್ಕೆ ಬಿಳಿ ಗೆರೆ ಬಿದ್ದಿತ್ತು. ಕೈಡೆಕ್ಸ್ ಹೋಲ್‌ಸ್ಟರನ್ನು ಬಿಳಿ ಕಾಗದದ ಮೇಲೆ ಕೊಡವಿದೆ. ಸಣ್ಣ ಮರಳು, ಉಮಿಯ ಚೂರು ಉದುರಿದವು. ಭತ್ತದ ಉಮಿಯಲ್ಲಿ ಸಿಲಿಕಾ ಜಾಸ್ತಿ, ಗಟ್ಟಿ ಪ್ಲಾಸ್ಟಿಕ್ಕಿಗೂ ಉಕ್ಕಿಗೂ ನಡುವೆ ಸಿಕ್ಕಿದರೆ ಮರಳು ಕಾಗದದ ಕೆಲಸವನ್ನೇ ಮಾಡುತ್ತದೆ. ನೀರನ್ನು ತಡೆಯುವ ಯೋಚನೆಯಲ್ಲಿ ಮಿಲ್ಲಿನ ಧೂಳನ್ನು ನಾನು ಮರೆತಿದ್ದೆ. ಅವರಿಗೆ ಹಾಗೇ ಹೇಳಿದೆ.

ಸಾವ್ಕಾರರು ಗೆರೆಯನ್ನು ಬೆರಳಲ್ಲಿ ಮುಟ್ಟಿ ನೋಡಿದರು. "ಇರ್ಲಿ ಬಿಡ್ರಿ, ಒಂದ್ ಬ್ರಷ್ ಇಡತೀನಿ" ಅಂದರು. ನನ್ನ ಮೇಜಿನ ಮೇಲಿದ್ದ ಒಂದು ಇಂಚಿನ ಹೊಸ ಪೇಂಟ್ ಬ್ರಷ್ ಕೊಟ್ಟೆ. ಎಣ್ಣೆ ಬಟ್ಟೆಯ ಡಬ್ಬಿಯೊಳಗೆ ಅದನ್ನೂ ಹಾಕಿಕೊಂಡು ಹೋದರು.